ಲಾಸ್ ಏಂಜಲೀಸಿನ ಕನ್ಸಲ್ಟೆಂಟ್

ಇರ್ಫಾನ್ ಮೊಬೈಲನ್ನು ಅತ್ತೆಯ ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದು, ಎರಡು ಬೆರಳಿನಿಂದ ಅಕ್ಷರಗಳನ್ನು ದೊಡ್ಡದು ಮಾಡಿದ.

"ಇಷ್ಟೇ ಅಮ್ಮೀ. ನಮಾಜಿಗೆ ಮುಂಚೆ ಇಮಾಮ್ ಸಾಹೇಬರು ಅಬ್ಬೂ ಬಗ್ಗೆ ಎರಡು ಮಾತು ಹೇಳ್ತಾರಂತೆ. ಅನ್ವರ್ ಪಾಷಾ, ಅರವತ್ತಾರು ವರ್ಷ. ಹುಟ್ಟಿದ್ದು ಮೈಸೂರು. ಇಪ್ಪತ್ತೆರಡು ವರ್ಷ ಇಲ್ಲೇ ಸ್ಯಾನ್ ಡಿಯೇಗೊದಲ್ಲಿ ಟೆಲಿಕಾಂ ಇಂಜಿನಿಯರ್. ಆಮೇಲೆ ಲಾಸ್ ಏಂಜಲೀಸಲ್ಲಿ ಸೀನಿಯರ್ ಕನ್ಸಲ್ಟೆಂಟ್. ಯಾವ ಕಂಪನಿ ಅಂತ ಹಾಕ್ಲಿ?"

"ಕಂಪನಿ ಹೆಸರು ಬೇಡಪ್ಪ," ಎಂದರು ಅಖ್ತರಿ ಬೇಗಮ್.

"ಸುಮ್ನೆ ಕನ್ಸಲ್ಟೆಂಟ್ ಅಂದ್ರೆ ಖಾಲಿ ಖಾಲಿ ಅನ್ಸತ್ತೆ."

"ಅನ್ಸಲಿ."

ಮಸೀದಿಯ ಹೆಂಗಸರ ಕೋಣೆಯಲ್ಲಿ ಮಡಚುವ ಕುರ್ಚಿಗಳನ್ನು ಹಾಕಿದ್ದರು. ಎಸಿ ಜೋರಾಗಿತ್ತು. ಯಾರೂ ಕೇಳುವ ಮೊದಲೇ ಎದುರು ಮನೆಯ ರೇಖಾ ತನ್ನ ಸ್ವೆಟರು ಬಿಚ್ಚಿ ಅಖ್ತರಿ ಬೇಗಮರ ಹೆಗಲಿಗೆ ಹೊದಿಸಿ, ತಾನು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೂತಿದ್ದಳು. ಪಕ್ಕದ ಸಾಲಿನಲ್ಲಿ ಇರ್ಫಾನನ ತಾಯಿ ಜುವೇರಿಯಾ, ವುಡ್‌ಲ್ಯಾಂಡ್ ಹಿಲ್ಸಿನಿಂದ ಬಂದ ಬೀಗಿತ್ತಿ, ಜಪಮಣಿ ಎಣಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ಅನ್ವರ್ ಪಾಷಾರಿಗೆ ಸ್ನಾನ ಮಾಡಿಸಿ ಕಫನ್ ಉಡಿಸಿ ಆಗಿತ್ತು. ಶುಕ್ರವಾರ ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಇವತ್ತು ಶನಿವಾರ.

ನೀರಿನ ಬಾಟಲಿಗಳನ್ನು ಹಂಚುತ್ತಿದ್ದ ಮಗಳು ಅಮ್ನಾ ಕನ್ಸಲ್ಟೆಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಾಯಿಯತ್ತ ಒಮ್ಮೆ ನೋಡಿ, ಗೋಡೆಯ ಕಡೆಗೆ ತಿರುಗಿಕೊಂಡಳು.

"ಕೇಳಿದಾಗೆಲ್ಲ ಕಂಪನಿ ಜೊತೆ ಗುಟ್ಟಿನ ಕರಾರಿದೆ, ಹೇಳೋ ಹಾಗಿಲ್ಲ ಅಂತ ನಗ್ತಿದ್ರು ಅಬ್ಬೂ," ಎಂದು ಇರ್ಫಾನ್ ತಾನೂ ಸ್ವಲ್ಪ ನಕ್ಕು, ಕಣ್ಣೊರೆಸಿಕೊಂಡು ಹೊರಗೆ ಹೋದ.

* * *

ಊರಿನ ರಾಂಚೊ ಬರ್ನಾರ್ಡೊ ಬಡಾವಣೆಯ ಕಂಪನಿ 2020ರ ಸೆಪ್ಟೆಂಬರಿನಲ್ಲಿ ಅನ್ವರ್ ಪಾಷಾರನ್ನು ವೀಡಿಯೊ ಕಾಲಿನಲ್ಲೇ ಮನೆಗೆ ಕಳಿಸಿತು. ಹನ್ನೊಂದು ನಿಮಿಷದ ಮಾತುಕತೆ. ಒಂದೂವರೆ ವರ್ಷ ಅಪ್ಲೈ ಮಾಡಿದರು. ಅರವತ್ತು ದಾಟಿದವರನ್ನು ಯಾರೂ ಕರೆಯಲಿಲ್ಲ. ಕೊನೆಗೊಂದು ದಿನ, ಟ್ಯಾಕ್ಸಿ ಆ್ಯಪ್‌ನಲ್ಲಿ ಹೆಸರು ಕೊಟ್ಟಿದ್ದೇನೆ ಎಂದರು.

"ಇಲ್ಲಿ ಬೇಡ ಕಣ್ರೀ," ಎಂದರು ಅಖ್ತರಿ ಬೇಗಮ್. ಇಬ್ಬರೂ ಮೈಸೂರಿನ ಮಂಡಿ ಮೊಹಲ್ಲಾದವರು. ಮನೆಯಲ್ಲಿ ಉರ್ದು ಆಡುತ್ತ ಆಡುತ್ತ, ಜಗಳ ಬಂದಾಗ ಕನ್ನಡಕ್ಕೆ ಇಳಿಯುವುದು ಅವರ ರೂಢಿ. "ಮಸೀದಿಗೆ ಬರೋರೇ ಹಿಂದಿನ ಸೀಟಲ್ಲಿ ಕೂತ್ರೆ ಏನು ಮಾಡ್ತೀರಿ? ಆ ಕಡೆ ಎಲ್ಲಾದ್ರೂ ಓಡಿಸಿ."

ಆ ಕಡೆ ಎಂದರೆ ಎರಡು ಗಂಟೆ ದೂರದ ಲಾಸ್ ಏಂಜಲೀಸ್. ವಾರಕ್ಕೆ ನಾಲ್ಕು ದಿನ ಎಲ್ಲಿಗೆ ಹೋಗುತ್ತಾರೆ ಎಂದು ನೆರೆಯವರು ಕೇಳಿದಾಗ, ಕನ್ಸಲ್ಟಿಂಗ್ ಎಂಬ ಮಾತು ಅಖ್ತರಿ ಬೇಗಮರ ಬಾಯಿಂದ ತಾನಾಗಿ ಬಂತು. ಒಮ್ಮೆ ಆಡಿದ ಮೇಲೆ ಅದನ್ನು ನಡೆಸಿಕೊಂಡು ಹೋಗುವುದು ಅಷ್ಟೇನೂ ಕಷ್ಟವಾಗಲಿಲ್ಲ.

2022ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣದ ಹೊರಗೆ ನಾಲ್ಕು ಜನ ಜಪಾನಿ ಹುಡುಗ ಹುಡುಗಿಯರು ಡ್ರಮ್ಮಿನ ಡಬ್ಬಗಳನ್ನು ಪೇರಿಸಿಕೊಂಡು ನಿಂತಿದ್ದರು. ಸಾಮಾನು ನೋಡಿ ಮೂವರು ಡ್ರೈವರುಗಳು ಕ್ಯಾನ್ಸಲ್ ಮಾಡಿ ಹೋಗಿದ್ದರು. ಅನ್ವರ್ ಪಾಷಾ ಕೆಳಗಿಳಿದು, ಮದುವೆ ಮನೆಗೆ ಪಾತ್ರೆ ಸಾಗಿಸುವವರ ಹಾಗೆ, ಅರ್ಧ ಸಾಮಾನನ್ನು ಕಾರಿನ ಮೇಲೆ ಹಗ್ಗದಿಂದ ಬಿಗಿದರು. ಸಂಜೆ ಜಪಾನಿ ಪೇಟೆಯ ಒಂದು ಪುಸ್ತಕದಂಗಡಿಯ ನೆಲಮಾಳಿಗೆಯಲ್ಲಿ ಅವರ ಹಾಡು. ಕೇಳಲು ಬಂದವರು ಇಪ್ಪತ್ತೇಳು ಜನ. ಸ್ಪೀಕರಿನಿಂದ ಗುಂಯ್ ಎಂಬ ಸದ್ದು ನಿಲ್ಲಲೇ ಇಲ್ಲ. ಹೊರಗೆ ಕಾಯುತ್ತಿದ್ದ ಅನ್ವರ್ ಪಾಷಾ ತಡೆಯಲಾರದೆ ಕಾರಿನಿಂದ ಟೂಲ್ ಬಾಕ್ಸ್ ತಂದು, ವೇದಿಕೆಯ ಹಿಂದೆ ಮಂಡಿಯೂರಿ ಅರ್ಥಿಂಗ್ ಸರಿ ಮಾಡಿದರು.

"ಹಾಡು ನನಗೆ ಒಂದಕ್ಷರ ತಿಳೀಲಿಲ್ಲ," ಎಂದರು ಮಾರನೆಯ ದಿನ ಹೆಂಡತಿಗೆ. "ಆದ್ರೆ ಆ ಸದ್ದು ನಿಂತ ಮೇಲೆ ಆ ಹುಡುಗಿ ಡ್ರಮ್ ಹೊಡೆದಳು ನೋಡು, ಎದೆ ಒಳಗೆ ಏನೋ ಸರಿಯಾಗಿ ಕೂತ ಹಾಗಾಯ್ತು."

"ಏನಂತೆ ಅವರ ಹೆಸರು?"

"ತಂಡದ ಹೆಸರು ಹಿಮೊನೊ. ಒಣಮೀನು ಅಂತ ಅರ್ಥವಂತೆ."

"ಒಣಮೀನು ಅಂತ ಯಾರಾದ್ರೂ ಹೆಸರಿಟ್ಕೋತಾರಾ?"

"ಉಪ್ಪು ಹಚ್ಚಿ ಬಿಸಿಲಲ್ಲಿ ಒಣಗಿಸಿದ್ದು ಬೇಗ ಕೆಡಲ್ಲವಂತೆ," ಎಂದು ಅವರು ನಕ್ಕರು. ಕೆಲಸ ಹೋದ ಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು. ಅದನ್ನು ಅಖ್ತರಿ ಬೇಗಮ್ ಗಮನಿಸಿದ್ದರು, ಗಮನಿಸಿಯೂ ಸುಮ್ಮನಿದ್ದರು.

ಹಿಮೊನೊದವರು ಮುಂದಿನ ಸಲ ಬಂದಾಗ ಗಾಡಿಗೆ ಅವರೇ ಬೇಕೆಂದರು. ಅನ್ವರ್ ಪಾಷಾ ಕಾರು ಮಾರಿ ಹಳೆಯ ವ್ಯಾನು ಕೊಂಡರು. ಸ್ಯಾನ್ ಡಿಯೇಗೊದ ನೂಡಲ್ಸ್ ಅಂಗಡಿಯ ಹಿಂಭಾಗದಲ್ಲಿ ನಲವತ್ತು ಜನ, ಲಾಸ್ ಏಂಜಲೀಸಿನ ಬಾರೊಂದರಲ್ಲಿ ಎಂಬತ್ತು, ಆಮೇಲೆ ನೂರೈವತ್ತು. ಬಾಗಿಲಲ್ಲಿ ಮೇಜು ಹಾಕಿಕೊಂಡು, ಬೂದು ಟೋಪಿ ತೊಟ್ಟ ಅನ್ವರ್ ಪಾಷಾ ಒಣಮೀನಿನ ಚಿತ್ರದ ಟೀ ಶರ್ಟ್ ಮಾರುತ್ತಿದ್ದರು. ವ್ಯಾನು ಮಾತ್ರ ಮನೆಯ ಮುಂದೆ ನಿಲ್ಲುವಂತಿರಲಿಲ್ಲ. ಎರಡು ಬೀದಿ ಆಚೆ, ಲೈಬ್ರರಿಯ ಹಿಂದೆ ನಿಲ್ಲಿಸಿ ನಡೆದು ಬರುತ್ತಿದ್ದರು.

* * *

ಇರ್ಫಾನ್ ಮತ್ತೆ ಬಾಗಿಲಲ್ಲಿ ಕಾಣಿಸಿಕೊಂಡ. ಈ ಸಲ ಅವನ ಮುಖದಲ್ಲಿ ಗಡಿಬಿಡಿ.

"ಅಮ್ಮೀ, ಪಾರ್ಕಿಂಗಲ್ಲಿ ನಾಲ್ಕು ಜನ ಜಪಾನಿಗಳು ಬಂದಿದ್ದಾರೆ. ಅನ್ವರ್-ಸಾನ್, ಅನ್ವರ್-ಸಾನ್ ಅಂತಿದ್ದಾರೆ. ಹುಡುಗ್ರೆಲ್ಲ ಅವರ ಸುತ್ತ ಮುತ್ಕೊಂಡು ವೀಡಿಯೊ ತೆಗೀತಿದ್ದಾರೆ. ಯಾವುದೋ ದೊಡ್ಡ ಬ್ಯಾಂಡಂತೆ. ಇಮಾಮ್ ಸಾಹೇಬರಿಗೆ ಬೇಜಾರಾಗಿದೆ, ಮನೆಯವರಿಗೆ ಬೇಕಾದವರಾದ್ರೆ ಒಳಗೆ ಕರೀರಿ, ಇಲ್ಲಾಂದ್ರೆ ಕಳಿಸಿಬಿಡಿ ಅಂದ್ರು. ನಿಮಗೆ ಗೊತ್ತಾ ಅವರು?"

ಜುವೇರಿಯಾರ ಬೆರಳು ಮಣಿಯ ಮೇಲೆ ನಿಂತಿತು. ಹತ್ತಿರ ಕೂತ ಹೆಂಗಸರೆಲ್ಲ ತಿರುಗಿದರು.

"ಇಲ್ಲಪ್ಪ," ಎಂದರು ಅಖ್ತರಿ ಬೇಗಮ್. "ಯಾರೋ ಏನೋ."

"ಹಾಗಾದ್ರೆ ಕಳಿಸ್ಲಾ?"

ಅವರು ಮಡಿಲಲ್ಲಿದ್ದ ದುಪಟ್ಟಾದ ಅಂಚನ್ನು ನೋಡುತ್ತ ತಲೆಯಾಡಿಸಿದರು. ಇರ್ಫಾನ್ ಹೊರಟ.

ಅಮ್ನಾ ಬಾಟಲಿಗಳನ್ನು ಅಲ್ಲೇ ಇಟ್ಟು ಬಂದು ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಇಲ್ಲೇ ಬೆಳೆದ ಹುಡುಗಿ. ಕನ್ನಡ, ಉರ್ದು ಎಲ್ಲ ತಿಳಿದರೂ ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲೇ. ಇವತ್ತು ಮಾತ್ರ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು. "ನಾನೇ ಮೆಸೇಜ್ ಮಾಡಿದ್ದು ಅಮ್ಮೀ. ಅಬ್ಬೂ ಫೋನಿಂದ. ಅವರು ಕೇಳಿದ್ರು, ವೀ ಕ್ಯಾನ್ ಕಮ್? ನಾನು ಯೆಸ್ ಅಂದೆ." "ಎರಡು ವರ್ಷ ನಾನು ಇರ್ಫಾನ್ ಹತ್ರ ಸುಳ್ಳು ಹೇಳಿದ್ದೀನಿ. ಫಾರ್ ಯು. ಇನ್ನು ನನ್ನ ಕೈಲಿ ಆಗಲ್ಲ."

* * *

ಅಮ್ನಾಳನ್ನು ನೋಡಲು ಇರ್ಫಾನನ ಮನೆಯವರು ಬರುವ ದಿನ ಅದು. 2022ರ ನವೆಂಬರ್, ಭಾನುವಾರ ಬೆಳಿಗ್ಗೆ. ಅಖ್ತರಿ ಬೇಗಮ್ ಐದಕ್ಕೇ ಎದ್ದು ಖೀಮಾ ಮಾಡಿ, ಪರಾಟಗಳನ್ನು ಬೇಯಿಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಹತ್ತೂಕಾಲಿಗೆ ಬಾಗಿಲು ತೆರೆದರೆ, ಗಂಡ ನಿಂತಿದ್ದರು. ಹಿಂದೆ ಆ ನಾಲ್ವರು.

"ಮೋಟೆಲ್‌ನವರು ರೂಮು ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ. ಪಾಪ, ವ್ಯಾನಲ್ಲೇ ಮಲಗಿದ್ದಾರೆ ಕಣೇ. ಒಂದು ತುತ್ತು ತಿಂದು ಹೊರಡ್ತಾರೆ."

ನಾಲ್ವರೂ ಆಗಲೇ ಹೊಸ್ತಿಲ ಆಚೆ ಬೂಟು ಬಿಚ್ಚಿ, ಜೋಡಿ ಜೋಡಿಯಾಗಿ ಇಟ್ಟಿದ್ದರು. ಡ್ರಮ್ ಹೊಡೆಯುವ ಹುಡುಗಿ ನಾತ್ಸುಮಿಯ ಕಾಲುಚೀಲದ ಹೆಬ್ಬೆರಳಿನಲ್ಲಿ ತೂತಿತ್ತು. ಅವಳು ಆ ಬೆರಳನ್ನು ಇನ್ನೊಂದು ಪಾದದ ಕೆಳಗೆ ಮುಚ್ಚಿಟ್ಟುಕೊಂಡು ಬಗ್ಗಿ ನಮಸ್ಕರಿಸಿದಳು.

ಒಳಗೆ ಬೀಗರಾಗುವವರು ಸೋಫಾದ ಮೇಲೆ ಕೂತು ಹತ್ತು ನಿಮಿಷವಾಗಿತ್ತು.

"ಇಲ್ಲಿ ಬೇಡ," ಎಂದರು ಅಖ್ತರಿ ಬೇಗಮ್. ಅವರಿಗೂ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿ, ಗರಾಜಿನ ಕಡೆ ಕೈ ತೋರಿಸಿದರು.

ನಾಲ್ವರೂ ಬೂಟು ಕೈಯಲ್ಲಿ ಹಿಡಿದುಕೊಂಡು, ತಣ್ಣಗಿನ ಸಿಮೆಂಟಿನ ಮೇಲೆ ಕಾಲುಚೀಲದಲ್ಲೇ ನಡೆದು ಹೋದರು. ಬಟ್ಟೆ ಒಗೆಯುವ ಮಷೀನಿನ ಪಕ್ಕ ನಿಂತು ತಿಂದರು. ಅನ್ವರ್ ಪಾಷಾ ಅವರ ಜೊತೆಗೇ ನಿಂತಿದ್ದರು. ಸೋಫಾದಿಂದ ಗರಾಜಿನ ಬಾಗಿಲು ಕಾಣುತ್ತಿತ್ತು.

"ಯಾರು ಅವರೆಲ್ಲ?" ಎಂದು ಜುವೇರಿಯಾ ಕೇಳಿದರು.

"ಡ್ರೈನೇಜ್ ಕಟ್ಕೊಂಡಿತ್ತು. ಸರಿ ಮಾಡೋಕೆ ಬಂದಿದ್ದಾರೆ."

ಅತಿಥಿಗಳು ಹೋದ ಮೇಲೆ ಗರಾಜಿಗೆ ಹೋಗಿ ನೋಡಿದರು. ತಟ್ಟೆಗಳನ್ನು ಅಲ್ಲಿನ ಸಿಂಕಿನಲ್ಲೇ ತೊಳೆದು, ಕಾಗದದಿಂದ ಒರೆಸಿ, ಒಂದರ ಮೇಲೊಂದು ಇಟ್ಟಿದ್ದರು. ಅನ್ವರ್ ಪಾಷಾ ಜಗಳವಾಡಲಿಲ್ಲ. "ಪರಾಟ ಅವರಿಗೆ ತುಂಬ ಹಿಡಿಸ್ತಂತೆ," ಎಂದಷ್ಟೇ ಹೇಳಿದರು. ಆಮೇಲೆ ಅವರು ಹಿಮೊನೊದ ಹೆಸರನ್ನು ಮನೆಯಲ್ಲಿ ಎತ್ತುವುದನ್ನೇ ಬಿಟ್ಟರು.

ತಂಡ ಬೆಳೆದದ್ದು ಹಾಗಾಗಿ ಅಖ್ತರಿ ಬೇಗಮರಿಗೆ ಅಲ್ಪಸ್ವಲ್ಪವೇ ತಿಳಿಯಿತು. ಕಲ್ವರ್ ಸಿಟಿಯ ಯಾವುದೋ ಸ್ಟುಡಿಯೋದವರು ತಮ್ಮ ಸೀರಿಯಲ್ಲಿಗೆ ಅವರ ಹಾಡು ತೆಗೆದುಕೊಂಡಿದ್ದು ಅಮ್ನಾಳಿಂದ ಗೊತ್ತಾಯಿತು. ಹೋದ ವರ್ಷ ಎರಡು ಸಾವಿರ ಜನ ಹಿಡಿಸುವ ಥಿಯೇಟರಿನಲ್ಲಿ ಶೋ ಆದಾಗ, ಅನ್ವರ್ ಪಾಷಾ ಒಂದು ಪಾಸನ್ನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಬಿಪಿ ಇದೆ, ಗಲಾಟೆ ಆಗಲ್ಲ ಎಂದು ಅಖ್ತರಿ ಬೇಗಮ್ ಬಾತ್‌ರೂಮಿನ ಬಾಗಿಲಿಗೆ ಹೇಳಿದರು. ಒಳಗೆ ನೀರಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

* * *

ರೇಖಾ ಅವರ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕ, ಎದ್ದು ಹೋಗಿ. ಅವರನ್ನ ವಾಪಸ್ ಕಳಿಸ್ಬೇಡಿ."

"ನಿನಗೇನು ಗೊತ್ತು ರೇಖಾ?"

"ನಮ್ಮ ಮಗಳು ನಿಕಿತಾ ಫೋಟೋ ತಂದು ತೋರಿಸಿ ಎರಡು ವರ್ಷ ಆಯ್ತು. ಅನ್ವರ್ ಭಾಯಿ ಟೀ ಶರ್ಟ್ ಮಾರ್ತಾ ನಿಂತಿದ್ರು, ಇವಳು ಪಕ್ಕದಲ್ಲಿ ಹಲ್ಲು ಕಿರೀತಾ. ನಮ್ಮನೆಯವರು ವಾಕಿಂಗ್ ಹೋದಾಗೆಲ್ಲ ಲೈಬ್ರರಿ ಹಿಂದೆ ಹೋಗಿ, ವ್ಯಾನಿನ ಗಾಜಿನ ಮೇಲೆ ಬಿದ್ದ ಎಲೆ ತೆಗೆದು ಬರ್ತಿದ್ರು."

"ಉಮಾಶಂಕರಾನಾ?"

"ಹೂಂ. ಬೀದೀಲಿ ಗೊತ್ತಿಲ್ದೆ ಇರೋರು ಯಾರಿದ್ದಾರೆ ಹೇಳಿ."

"ಮತ್ತೆ ಒಂದು ದಿನಾನೂ ಬಾಯಿ ಬಿಡಲಿಲ್ಲವಲ್ಲ ನೀನು."

"ನೀವು ಹೇಳಲಿಲ್ಲ. ನಾವು ಹ್ಯಾಗಕ್ಕ ಹೇಳೋದು?"

ಅಖ್ತರಿ ಬೇಗಮರ ಕಿವಿ ಬಿಸಿಯಾಯಿತು. ಮೂರು ವರ್ಷ ತಾವು ಜನರಿಂದ ಮುಚ್ಚಿಟ್ಟಿದ್ದೇವೆ ಎಂದುಕೊಂಡದ್ದನ್ನು ಜನರೇ ತಮಗಾಗಿ ಮುಚ್ಚಿಟ್ಟಿದ್ದರು. ನಿಮ್ಮ ಯಜಮಾನರ ಕನ್ಸಲ್ಟಿಂಗ್ ಹೇಗಿದೆ ಎಂದು ಬೀದಿಯಲ್ಲಿ ಯಾರಾದರೂ ಕೇಳಿ ಎಷ್ಟು ದಿನವಾಯಿತು? ಎರಡು ವರ್ಷದಿಂದ ಒಬ್ಬರೂ ಕೇಳಿರಲಿಲ್ಲ. ಅದೂ ಈಗಷ್ಟೇ ಹೊಳೆಯಿತು.

ಅವರು ಎದ್ದರು. ರೇಖಾ ತೋಳು ಹಿಡಿಯಲು ಬಂದರೆ ಬೇಡವೆಂದು, ಹೆಂಗಸರ ಬಾಗಿಲಿಗೆ ಸುತ್ತಿ ಹೋಗದೆ, ಗಂಡಸರು ನಿಂತಿದ್ದ ಪಡಸಾಲೆಯನ್ನೇ ಹಾಯ್ದರು. ಜನ ಸರಿದು ದಾರಿ ಬಿಟ್ಟರು. ಹೊರಗೆ ಫೆಬ್ರವರಿಯ ತೆಳು ಬಿಸಿಲು. ನಾಲ್ವರೂ ಗೇಟಿನ ಹತ್ತಿರ ಹೋಗಿಬಿಟ್ಟಿದ್ದರು. ಕರಿ ಬಟ್ಟೆ, ಕಟ್ಟಿದ ಕೈ. ಇರ್ಫಾನ್ ಅವರಿಗೆ ಏನೋ ವಿವರಿಸುತ್ತಿದ್ದ. ಅವರು ಒಪ್ಪಿಕೊಳ್ಳುತ್ತಿರುವವರ ಹಾಗೆ ಒಂದೇ ಸಮನೆ ತಲೆಯಾಡಿಸುತ್ತಿದ್ದರು.

"ಇರ್ಫಾನ್, ನಿಲ್ಲಪ್ಪ."

ಎಲ್ಲರೂ ತಿರುಗಿದರು.

"ಇವರು ನಮ್ಮೋರು. ನಿನ್ನ ಅಬ್ಬೂ ಇವರಿಗೆ ವ್ಯಾನು ಓಡಿಸ್ತಿದ್ರು. ಕನ್ಸಲ್ಟಿಂಗ್ ಅಂದಿದ್ದು ನಾನು. ಅವರು ನನ್ನ ಮಾತಿಗೆ ಹೂಂ ಅಂದ್ರು ಅಷ್ಟೇ."

ಇರ್ಫಾನ್ ಅವರನ್ನೂ ಆ ನಾಲ್ವರನ್ನೂ ನೋಡಿದ. "ಇವರು ಹಿಮೊನೊ ಅಮ್ಮೀ," ಎಂದ ಮೆಲ್ಲಗೆ. "ನಾನು ದಿನಾ ಜಿಮ್ಮಲ್ಲಿ ಇವರ ಹಾಡೇ ಕೇಳೋದು, ಮುಖ ಮಾತ್ರ ಗೊತ್ತಿರಲಿಲ್ಲ. ಅಬ್ಬೂ ಒಂದ್ಸಲ ಪಕ್ಕದಲ್ಲಿ ಕೂತು, ಡ್ರಮ್ ಚೆನ್ನಾಗಿದೆ ಅಲ್ವಾ ಅಂತ ಕೇಳಿದ್ರು. ಅಷ್ಟೇ ಕೇಳಿದ್ರು."

ಸುತ್ತಲಿದ್ದ ಹುಡುಗರು ತಾವಾಗಿಯೇ ಫೋನುಗಳನ್ನು ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಜುವೇರಿಯಾ ಬಾಗಿಲವರೆಗೆ ಬಂದಿದ್ದರು. ನಾತ್ಸುಮಿಯ ಮುಖವನ್ನು ದಿಟ್ಟಿಸಿ, "ಅಖ್ತರಿ ಬೆಹೆನ್, ಅವತ್ತು ಗರಾಜಲ್ಲಿ ಇದ್ದೋರು ಇವರಲ್ವಾ? ಡ್ರೈನೇಜ್‌ನೋರು ಅಂದಿದ್ರಿ," ಎಂದರು.

"ಇವರೇ," ಎಂದರು ಅಖ್ತರಿ ಬೇಗಮ್.

ಜುವೇರಿಯಾ ಒಳಗೆ ಹೋದರು. ಅಖ್ತರಿ ಬೇಗಮ್ ಆ ನಾಲ್ವರನ್ನು ಕರೆದುಕೊಂಡು ಒಳಗೆ ಬಂದಾಗ, ಜುವೇರಿಯಾ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡು, ನಾತ್ಸುಮಿಗೆ ಅಲ್ಲಿ ಕೂರು ಎಂದು ಕಣ್ಣಿನಲ್ಲೇ ತೋರಿಸಿದರು. ಹುಡುಗರು ಮೂವರನ್ನು ಇರ್ಫಾನ್ ಗಂಡಸರ ಕಡೆಗೆ ಕರೆದೊಯ್ದ.

ನಾತ್ಸುಮಿ ಕೂರಲಿಲ್ಲ. ಅಖ್ತರಿ ಬೇಗಮರ ಮುಂದೆ ಸೊಂಟದವರೆಗೂ ಬಗ್ಗಿ, ಬಗ್ಗಿದ ಹಾಗೆಯೇ ಮುರುಕು ಇಂಗ್ಲಿಷಿನಲ್ಲಿ, ಮೊದಲೇ ಬಾಯಿಪಾಠ ಮಾಡಿಕೊಂಡು ಬಂದವಳ ಹಾಗೆ ಹೇಳಿದಳು. "ಅನ್ವರ್-ಸಾನ್ ಹೇಳ್ತಿದ್ದರು. ನಿಮಗೆ ಮಂಡಿ ನೋವು. ಶೋಗೆ ಬರೋಕೆ ತುಂಬ ಆಸೆ, ಆದರೆ ಕೂರೋಕೆ ಆಗಲ್ಲ. ಆದರೂ ಪ್ರತಿ ಶೋಗೂ ಬೆಳಿಗ್ಗೆ ಎದ್ದು ನಮಗೋಸ್ಕರ ಪರಾಟ ಮಾಡ್ತೀರಿ. ಎರಡು ವರ್ಷ. ನಾವು ಒಂದು ಸಲವೂ ಥ್ಯಾಂಕ್ಸ್ ಹೇಳಿಲ್ಲ. ಕ್ಷಮಿಸಿ."

ಬೆಳಗಿನ ನಮಾಜು ಮುಗಿಸಿ ಅಡುಗೆಮನೆಯಲ್ಲಿ ಗಂಡ ಒಬ್ಬರೇ ಲಟ್ಟಣಿಗೆ ಆಡಿಸುತ್ತಿದ್ದ ಸದ್ದನ್ನು ಅಖ್ತರಿ ಬೇಗಮ್ ಎರಡು ವರ್ಷ ಹಾಸಿಗೆಯಲ್ಲಿ ಮಲಗಿಯೇ ಕೇಳಿದ್ದರು. ದಾರಿಗೆ ಕಟ್ಟಿಕೊಳ್ಳುತ್ತಾರೆ ಎಂದುಕೊಂಡಿದ್ದರು. ಒಬ್ಬ ಮನುಷ್ಯನಿಗೆ ಅಷ್ಟು ಹಿಟ್ಟು ಯಾಕೆ ಎಂದು ಕೇಳಿರಲಿಲ್ಲ.

ನಾನು ಮಾಡಿದ್ದಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದರು. ಈಗಷ್ಟೇ ಗೇಟಿನ ಹತ್ತಿರ ಒಂದು ಸತ್ಯ ಹೇಳಿ ಬಂದಿದ್ದ ಬಾಯಿ ಅದು. ಆದರೆ ಇದು ತಮ್ಮ ಸುಳ್ಳಲ್ಲ, ಅವರದು. ಹೆಂಡತಿಯ ಮರ್ಯಾದೆ ಉಳಿಸಲು ಆ ಮನುಷ್ಯ ಹೊರದೇಶದ ಮಕ್ಕಳ ಮುಂದೆ ಎರಡು ವರ್ಷ ಕಾಪಾಡಿಕೊಂಡು ಬಂದಿದ್ದ ಸುಳ್ಳು. ಅದನ್ನು ಮುರಿಯಲು ತಮಗೆ ಯಾವ ಹಕ್ಕಿದೆ? ಅವರು ಬಾಯಿ ಮುಚ್ಚಿಕೊಂಡು, ಬಗ್ಗಿದ ಆ ತಲೆಯ ಮೇಲೆ ಕೈಯಿಟ್ಟರು. ಮಾಡದ ಪರಾಟಕ್ಕೆ ಬಂದ ಕೃತಜ್ಞತೆಯನ್ನು ಹೊತ್ತುಕೊಂಡು ನಿಂತರು.

"ಎಷ್ಟು ಒಳ್ಳೆ ಹುಡುಗಿ," ಎಂದಳು ರೇಖಾ, ಏನೂ ತಿಳಿಯದೆ.

ನಮಾಜಿಗೆ ಮುಂಚೆ ಇಮಾಮ್ ಸಾಹೇಬರ ದನಿ ಧ್ವನಿವರ್ಧಕದಲ್ಲಿ ಕೇಳಿತು. ಅನ್ವರ್ ಪಾಷಾ ಮೈಸೂರಿನವರು, ಇಂಜಿನಿಯರ್ ಆಗಿದ್ದವರು, ಕೊನೆಯ ಮೂರು ವರ್ಷ ಒಂದು ಹಾಡಿನ ತಂಡಕ್ಕೆ ವ್ಯಾನು ಓಡಿಸಿದವರು ಎಂದು ಅವರು ಓದಿದರು. ಅಮ್ನಾ ಕೈ ಚಾಚಿ ತಾಯಿಯ ಕೈ ಹಿಡಿದುಕೊಂಡಳು.

* * *

ಕಬರಸ್ಥಾನ ಗುಡ್ಡದ ಇಳಿಜಾರಿನಲ್ಲಿತ್ತು. ಗಂಡ ತೀರಿಕೊಂಡ ಮೇಲಿನ ಇದ್ದತ್ತಿನಲ್ಲಿರುವ ಹೆಂಗಸು ಅಲ್ಲಿಗೆ ಹೋಗಬಾರದೆಂದು ಮೈಸೂರಿನಿಂದ ನಾದಿನಿ ಫೋನು ಮಾಡಿದ್ದಳು. ದೂರ ನಿಂತು ನೋಡಬಹುದು ಎಂದು ಇಲ್ಲಿನ ಇಮಾಮ್ ಸಾಹೇಬರು ಹೇಳಿದ್ದರು. ಅಖ್ತರಿ ಬೇಗಮ್ ಉಳಿದ ಹೆಂಗಸರ ಜೊತೆ ಮೇಲಿನ ಕಾಲುದಾರಿಯಲ್ಲಿ ನಿಂತರು.

ಕೆಳಗೆ ಗಂಡಸರು ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಉಮಾಶಂಕರ ಪ್ಯಾಂಟು ಮಡಚಿಕೊಂಡು ಸರದಿಯಲ್ಲಿ ನಿಂತಿದ್ದ. ಇರ್ಫಾನ್ ಹಾಡುಗಾರನ ಹೆಗಲ ಮೇಲೆ ಕೈಯಿಟ್ಟು, ಹೇಗೆ ಹಾಕಬೇಕೆಂದು ತೋರಿಸಿಕೊಟ್ಟ. ಅವನು ಹಾಕಿದ, ಉಳಿದಿಬ್ಬರೂ ಹಾಕಿದರು.

ನಾತ್ಸುಮಿ ಮಾತ್ರ ಗಂಡಸರ ಗುಂಪಿಗೂ ಹೆಂಗಸರ ಸಾಲಿಗೂ ನಡುವೆ, ಹುಲ್ಲಿನ ಮೇಲೆ ಒಬ್ಬಳೇ ನಿಂತಿದ್ದಳು. ಗೋರಿಯ ಪಕ್ಕದ ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡಿದ್ದಳು. ಹೆಣ್ಣುಮಕ್ಕಳು ಮುಂದೆ ಹೋಗಬಹುದೋ ಇಲ್ಲವೋ ತಿಳಿಯದೆ, ಮುಷ್ಟಿಯನ್ನು ಎದೆಗೊತ್ತಿಕೊಂಡು, ಹಿಂದೆ ತಿರುಗಿ ಮೇಲಕ್ಕೆ ನೋಡಿದಳು.

"ಶೀ ಈಸ್ ಆಸ್ಕಿಂಗ್ ಯು," ಎಂದಳು ಅಮ್ನಾ.

ಅಖ್ತರಿ ಬೇಗಮ್ ಹೋಗು ಎಂದು ತಲೆಯಾಡಿಸಿದರು. ಹುಡುಗಿ ಅಲುಗಲಿಲ್ಲ. ಇನ್ನೊಮ್ಮೆ ಆಡಿಸಿದರು. ಆಗಲೂ ಇಲ್ಲ. ತಪ್ಪು ತಿಳಿದುಕೊಂಡು ಎಲ್ಲಿ ಹೆಜ್ಜೆಯಿಡುತ್ತೇನೋ ಎಂಬ ಹೆದರಿಕೆ ಅವಳ ಮುಖದಲ್ಲಿತ್ತು. ಅವಳಿಗೆ ಆ ಹೆದರಿಕೆಯನ್ನು ಕಲಿಸಿದವರು ಯಾರೆಂದು ಅಖ್ತರಿ ಬೇಗಮರಿಗೆ ಚೆನ್ನಾಗಿ ಗೊತ್ತಿತ್ತು.

"ಅಕ್ಕ, ಜಾರತ್ತೆ," ಎಂದು ರೇಖಾ ಕೂಗುವಷ್ಟರಲ್ಲಿ ಅವರು ಇಳಿಜಾರಿನಲ್ಲಿ ಅರ್ಧ ಇಳಿದಿದ್ದರು. ನಾತ್ಸುಮಿಯ ಮೊಣಕೈ ಹಿಡಿದರು. ಗಂಡಸರು ಹಿಂದೆ ಸರಿದರು. ಇಬ್ಬರೂ ಗೋರಿಯ ಅಂಚಿಗೆ ಬಂದು ನಿಂತರು.

ಹುಡುಗಿ ಕೈ ಚಾಚಿ ಮುಷ್ಟಿ ಬಿಚ್ಚಿದಳು. ಅಷ್ಟು ಹೊತ್ತು ಬಿಗಿ ಹಿಡಿದಿದ್ದರಿಂದ ಮಣ್ಣು ಬೆವರಿನಲ್ಲಿ ನೆನೆದು ಅಂಗೈಗೇ ಅಂಟಿಕೊಂಡಿತ್ತು. ಕೈ ಕೊಡವಿದರೂ ಬೀಳಲಿಲ್ಲ. ಅಖ್ತರಿ ಬೇಗಮ್ ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಡ್ರಮ್ಮಿನ ಕೋಲು ಹಿಡಿದು ಹಿಡಿದು ಗಟ್ಟಿ ಕಟ್ಟಿದ ಅಂಗೈ ಅದು. ಅವಳ ಮುಖ ನೋಡದೆ, ಮಕ್ಕಳ ಕೈ ತೊಳೆಸುವ ಹಾಗೆ, ಬೆರಳ ಸಂದಿಯಿಂದ ಒಂದೊಂದೇ ಚೂರು ಮಣ್ಣನ್ನು ಬಿಡಿಸಿ ಬಿಡಿಸಿ ಕೆಳಗೆ ಬೀಳಿಸತೊಡಗಿದರು.